ಗಾಳಿಯ ವೇಗಕ್ಕೆ ಎರಡನೆಯ ಸಾಕ್ಷಿ

ಬೇಸಿಗೆ ರಜೆ. ಒಂಬತ್ತನೆಯ ತರಗತಿ ಮುಗಿಸಿದ ಹುಡುಗಿಯೊಬ್ಬಳು ತಾತನ ದಿನಸಿ ಅಂಗಡಿಯಲ್ಲಿ ಕುಳಿತು ಉದ್ರಿ ಪುಸ್ತಕದ ಲೆಕ್ಕ ಕೂಡುತ್ತಿದ್ದಾಳೆ. ಒಂದು ಪುಟದ ತುಂಬ ಅಂಕಿಗಳು. ಮೊತ್ತ ಹೇಳಿದಳು. ತಾತ ತಲೆಯಲ್ಲಾಡಿಸಿದರು.

‘ಮೂರು ಸಲ ಕೂಡಿದೆ ತಾತ, ಮೂರು ಸಲವೂ ಅಷ್ಟೇ ಬಂತು’ ಎಂದಳು ಹುಡುಗಿ.

‘ಮೂರು ಸಲವೂ ಮೇಲಿನಿಂದಲೇ ಕೂಡಿದ್ದೀಯಲ್ಲ ಪುಟ್ಟಿ. ಈಗ ಕೆಳಗಿನಿಂದ ಮೇಲಕ್ಕೆ ಕೂಡಿ ನೋಡು.’

ಕೂಡಿದಳು. ಹತ್ತು ರೂಪಾಯಿ ವ್ಯತ್ಯಾಸ! ಹತ್ತರ ಸ್ಥಾನದಲ್ಲಿ ಎಂಟೂ ಏಳೂ ಜೊತೆಯಾಗಿ ಬಂದಾಗಲೆಲ್ಲ ಅವಳ ಬಾಯಿಯಿಂದ ಹದಿನಾರು ಎಂದೇ ಬರುತ್ತಿತ್ತು. ಮೊದಲ ಸಲ ಆದ ತಪ್ಪು ಎರಡನೆಯ ಸಲವೂ ಆಯಿತು, ಮೂರನೆಯ ಸಲವೂ ಆಯಿತು. ದಾರಿ ಬದಲಾದ ಮೇಲೆ ಎಂಟೂ ಏಳೂ ಒಟ್ಟಿಗೆ ಬರಲಿಲ್ಲ, ತಪ್ಪು ಹೊರಗೆ ಬಿತ್ತು. ತಾತ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಎರಡು ಗೀಟು ಎಳೆದರು. ಒಂದು ಮೇಲಿನಿಂದ ಕೂಡಿದ್ದಕ್ಕೆ, ಇನ್ನೊಂದು ಕೆಳಗಿನಿಂದ ಕೂಡಿದ್ದಕ್ಕೆ.

ಅಂಗಡಿಯ ಗಲ್ಲಾಪೆಟ್ಟಿಗೆಯ ಬಳಿ ಕಲಿತ ಈ ಪಾಠಕ್ಕೂ ಆಕಾಶದಲ್ಲಿ ಹಾರುವ ವಿಮಾನಕ್ಕೂ ಏನು ಸಂಬಂಧ ಎನ್ನಿಸಬಹುದು. ಸಂಬಂಧವಿದೆ. ಅದನ್ನು ತಿಳಿಯಲು ಮೊದಲು ವಿಮಾನವು ತನ್ನ ವೇಗವನ್ನು ಹೇಗೆ ಅಳೆದುಕೊಳ್ಳುತ್ತದೆ ಎಂಬುದನ್ನು ನೋಡಬೇಕು.

ಕಾರಿಗೆ ಚಕ್ರಗಳಿವೆ. ಚಕ್ರ ನಿಮಿಷಕ್ಕೆ ಎಷ್ಟು ಸುತ್ತು ಸುತ್ತಿತು ಎಂದು ಎಣಿಸಿದರೆ ವೇಗ ಸಿಕ್ಕಿತು. ಹಾರುವ ವಿಮಾನಕ್ಕೆ ಆ ಅನುಕೂಲವಿಲ್ಲ. ಉಪಗ್ರಹಗಳ ನೆರವಿನ ಜಿ.ಪಿ.ಎಸ್. ಇದೆಯಲ್ಲ ಎಂದು ಜಾಣ ವಿದ್ಯಾರ್ಥಿ ಕೇಳಿಯಾನು. ಆದರೆ ಜಿ.ಪಿ.ಎಸ್. ಹೇಳುವುದು ನೆಲಕ್ಕೆ ಹೋಲಿಸಿದ ವೇಗವನ್ನು. ರೆಕ್ಕೆಗೆ ನೆಲದ ಪರಿವೆಯೇ ಇಲ್ಲ; ಅದನ್ನು ಎತ್ತಿ ಹಿಡಿದಿರುವುದು ಗಾಳಿ. ಗಂಟೆಗೆ 150 ಕಿಲೋಮೀಟರ್ ವೇಗದ ಗಾಳಿ ಹಿಂದಿನಿಂದ ಬೀಸುತ್ತಿದ್ದಾಗ ನೆಲದ ಲೆಕ್ಕದಲ್ಲಿ 900 ಕಿಲೋಮೀಟರ್ ವೇಗದಲ್ಲಿರುವ ವಿಮಾನ, ಗಾಳಿಯ ಲೆಕ್ಕದಲ್ಲಿ 750 ಕಿಲೋಮೀಟರ್ ವೇಗದಲ್ಲಷ್ಟೇ ಇರುತ್ತದೆ. ಗಾಳಿಯೊಂದಿಗಿನ ಈ ವೇಗಕ್ಕೆ ವಾಯುವೇಗ ಎಂದು ಹೆಸರು. ಅದು ತೀರ ಕಡಿಮೆಯಾದರೆ ರೆಕ್ಕೆಯು ವಿಮಾನವನ್ನು ಎತ್ತಿ ಹಿಡಿಯಲಾರದು. ತೀರ ಹೆಚ್ಚಾದರೆ ವಿಮಾನದ ಮೈ ಅದನ್ನು ತಾಳಲಾರದು.

ವಾಯುವೇಗವನ್ನು ಅಳೆಯುವ ಉಪಕರಣ ವಿಮಾನಕ್ಕಿಂತ ಎಷ್ಟೋ ಹಳೆಯದು. 1732ರಲ್ಲಿ ಪ್ಯಾರಿಸ್ಸಿನ ಸೆನ್ ನದಿಯಲ್ಲಿ ಹೆನ್ರಿ ಪಿಟೊ ಎಂಬ ಫ್ರೆಂಚ್ ಎಂಜಿನಿಯರ್ ಒಂದು ಗಾಜಿನ ಕೊಳವೆಯನ್ನು ಇಳಿಬಿಟ್ಟ. ಅದರ ಕೆಳತುದಿ ಬಾಗಿ ಪ್ರವಾಹಕ್ಕೆ ಎದುರಾಗಿ ಬಾಯಿ ತೆರೆದಿತ್ತು. ಹರಿದು ಬಂದ ನೀರು ಕೊಳವೆಯೊಳಗೆ ನುಗ್ಗಿ ಮೇಲೇರಿ ನಿಂತಿತು. ಎಷ್ಟು ಮೇಲೇರಿತು ಎಂಬುದೇ ವೇಗದ ಅಳತೆ. ಹತ್ತನೆಯ ತರಗತಿಯ ಗಣಿತ ಬಲ್ಲವರು ಇದನ್ನು ಲೆಕ್ಕ ಹಾಕಬಹುದು: ನೀರು 20 ಸೆಂಟಿಮೀಟರ್ ಏರಿದರೆ ಪ್ರವಾಹದ ವೇಗ ಸೆಕೆಂಡಿಗೆ ಸುಮಾರು 2 ಮೀಟರ್. ನದಿಯ ಆಳಕ್ಕೆ ಹೋದಷ್ಟೂ ನೀರಿನ ವೇಗ ಹೆಚ್ಚು ಎಂದು ಆ ಕಾಲದವರು ನಂಬಿದ್ದರು. ಪಿಟೊನ ಕೊಳವೆ ಅದನ್ನು ಸುಳ್ಳು ಮಾಡಿತು.

ಅದೇ ಕೊಳವೆ ಇಂದಿಗೂ ಪ್ರಯಾಣಿಕರ ವಿಮಾನಗಳ ಮೂಗಿನ ಅಕ್ಕಪಕ್ಕದಲ್ಲಿದೆ. ವಿಮಾನ ನಿಲ್ದಾಣದಲ್ಲಿ ಹತ್ತಿರದಿಂದ ನೋಡಿದವರಿಗೆ ಕಿರುಬೆರಳಿನಂತೆ ಮುಂದಕ್ಕೆ ಚಾಚಿದ ಲೋಹದ ಕೊಳವೆಗಳು ಕಂಡಿರಬಹುದು. ಎದುರುಗಾಳಿ ಅದರೊಳಗೆ ನುಗ್ಗಿ ನಿಲ್ಲುತ್ತದೆ, ಅಲ್ಲಿ ಒತ್ತಡ ಹೆಚ್ಚುತ್ತದೆ. ವಿಮಾನದ ಪಕ್ಕೆಯಲ್ಲಿರುವ ಬೇರೊಂದು ರಂಧ್ರ ಸುತ್ತಲಿನ ಗಾಳಿಯ ಸಹಜ ಒತ್ತಡವನ್ನು ತಿಳಿಸುತ್ತದೆ. ಎರಡರ ವ್ಯತ್ಯಾಸದಿಂದ ವಾಯುವೇಗ ತಿಳಿಯುತ್ತದೆ. ಸರಳ, ಅಗ್ಗ, ಗಟ್ಟಿ. ಕೊಳವೆಯಲ್ಲಿ ಹಿಮ ಕಟ್ಟದಂತೆ ವಿದ್ಯುತ್ತಿನಿಂದ ಬಿಸಿ ಮಾಡುವ ಏರ್ಪಾಡೂ ಇದೆ. ಒಂದು ಕೆಟ್ಟರೆ ಇನ್ನೊಂದಿರಲಿ ಎಂದು ದೊಡ್ಡ ವಿಮಾನಗಳಲ್ಲಿ ಮೂರು ಮೂರು ಕೊಳವೆಗಳನ್ನು ಇಡುತ್ತಾರೆ.

ಮೂರು ಸಾಕಲ್ಲವೇ? ಸಾಲದು ಎಂದು ತೋರಿಸಿದ್ದು 2009ರ ಜೂನ್ 1ರ ರಾತ್ರಿ. ಬ್ರೆಜಿಲಿನ ರಿಯೊ ಡಿ ಜನೈರೊದಿಂದ ಪ್ಯಾರಿಸ್ಸಿಗೆ ಹೊರಟಿದ್ದ ಏರ್ ಫ್ರಾನ್ಸಿನ ಏರ್‌ಬಸ್ 330 ವಿಮಾನ ಅಟ್ಲಾಂಟಿಕ್ ಸಾಗರದ ಮೇಲೆ 35,000 ಅಡಿ ಎತ್ತರದಲ್ಲಿತ್ತು. ಒಳಗೆ 228 ಜನ. ಸಮಭಾಜಕ ವೃತ್ತದ ಬಳಿ ಭಾರೀ ಗುಡುಗುಮೋಡಗಳು. ಅಂತಹ ಮೋಡಗಳು ಮೇಲಕ್ಕೆ ಎರಚುವ ಹಿಮದ ಹರಳುಗಳು ಪಿಟೊ ಕೊಳವೆಗಳನ್ನು ಮುಚ್ಚಿದವು. ವೇಗದ ಲೆಕ್ಕಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ಯಾವುದನ್ನು ನಂಬಬೇಕೆಂದು ತಿಳಿಯದೆ ಸ್ವಯಂಚಾಲಕ ಯಂತ್ರ ತಾನಾಗಿ ಬಿಟ್ಟುಕೊಟ್ಟಿತು. ಕತ್ತಲಲ್ಲಿ ವಿಮಾನ ಪೈಲಟ್‌ಗಳ ಕೈಗೆ ಬಂತು.

ಎಡಬದಿಯ ಮಾಪಕ 29 ಸೆಕೆಂಡು, ಮೀಸಲು ಮಾಪಕ 54 ಸೆಕೆಂಡು ತಪ್ಪು ವೇಗ ತೋರಿಸಿದವು. ಬಲಬದಿಯದು ದಾಖಲಾಗಿರಲಿಲ್ಲ. ಒಂದು ನಿಮಿಷದೊಳಗೆ ಹಿಮ ಕರಗಿ ಕೊಳವೆಗಳು ಸರಿಹೋದವು. ಆದರೆ ಅಷ್ಟರಲ್ಲಿ ವಿಮಾನದ ಮೂಗನ್ನು ಮೇಲಕ್ಕೆತ್ತಲಾಗಿತ್ತು. ವೇಗ ಕುಸಿದು, ರೆಕ್ಕೆಗಳು ಎತ್ತುವ ಬಲ ಕಳೆದುಕೊಂಡು ವಿಮಾನ ಬೀಳತೊಡಗಿತು. ಗೊಂದಲದಲ್ಲಿದ್ದ ಪೈಲಟ್‌ಗಳು ಅದನ್ನು ಗುರುತಿಸಲಿಲ್ಲ. ಸ್ವಯಂಚಾಲಕ ಬಿಟ್ಟುಕೊಟ್ಟ ಕ್ಷಣದಿಂದ ಸಾಗರಕ್ಕೆ ಬೀಳುವವರೆಗೆ 4 ನಿಮಿಷ 23 ಸೆಕೆಂಡು. ಯಾರೂ ಉಳಿಯಲಿಲ್ಲ. ಎರಡು ವರ್ಷಗಳ ಅನಂತರ, 2011ರಲ್ಲಿ, ಸುಮಾರು 3,900 ಮೀಟರ್ ಆಳದಿಂದ ದಾಖಲೆ ಪೆಟ್ಟಿಗೆಗಳನ್ನು ಮೇಲೆತ್ತಿದಾಗ ಈ ಕತೆ ಹೊರಬಂತು. ತರಬೇತಿಯ ಕೊರತೆ, ಮನುಷ್ಯರ ಗಾಬರಿ ಎಲ್ಲವೂ ತನಿಖಾ ವರದಿಯಲ್ಲಿವೆ. ಆದರೆ ಸರಪಳಿಯ ಮೊದಲ ಕೊಂಡಿ ಆ ಕೊಳವೆಗಳು.

ಇಲ್ಲಿ ತಾತನ ಮಾತು ನೆನಪಾಗಬೇಕು. ಕೊಳವೆಗಳು ಮೂರಿದ್ದವು, ಅಳೆಯುವ ದಾರಿ ಮಾತ್ರ ಒಂದೇ. ಒಂದನ್ನು ಮುಚ್ಚಬಲ್ಲ ಹಿಮ ಅದೇ ಗಳಿಗೆಯಲ್ಲಿ ಇನ್ನೊಂದನ್ನೂ ಮುಚ್ಚಬಲ್ಲುದು. ಹಾಗಾದರೆ ಕೆಳಗಿನಿಂದ ಮೇಲಕ್ಕೆ ಕೂಡುವ ಉಪಾಯ, ಅಂದರೆ ಬೇರೆಯೇ ದಾರಿಯಲ್ಲಿ ಗಾಳಿಯ ವೇಗವನ್ನು ಅಳೆಯುವ ಉಪಾಯ, ಯಾವುದಾದರೂ ಇದೆಯೇ?

ಇದೆ. ಅದರ ಬೀಜ ಪ್ರತಿಯೊಬ್ಬರ ಮನೆಯಲ್ಲೂ ಇದೆ. ಹೆಂಚಿನ ಮನೆಯ ಬೆಳಕಿಂಡಿಯಿಂದ ಬಿಸಿಲಿನ ಕೋಲೊಂದು ಅಡುಗೆಮನೆಗೆ ಇಳಿಯುವುದನ್ನು ನೋಡಿ. ಅದರಲ್ಲಿ ಸಾವಿರಾರು ಧೂಳಿನ ಕಣಗಳು ಮಿನುಗುತ್ತ ತೇಲುತ್ತವೆ. ಒಲೆಯ ಕಡೆಯಿಂದ ಬಿಸಿಗಾಳಿ ಎದ್ದರೆ ಮೇಲೇರುತ್ತವೆ, ಬಾಗಿಲು ತೆರೆದರೆ ಪಕ್ಕಕ್ಕೆ ಹೊರಳುತ್ತವೆ. ಗಾಳಿ ಕಣ್ಣಿಗೆ ಕಾಣುವುದಿಲ್ಲ, ಆದರೆ ಧೂಳು ಗಾಳಿಯ ಗುಟ್ಟನ್ನು ಹೇಳಿಬಿಡುತ್ತದೆ. ಬಿಸಿಲುಕೋಲಿನ ಜಾಗದಲ್ಲಿ ಲೇಸರ್ ಕಿರಣವನ್ನೂ, ಕಣ್ಣಿನ ಜಾಗದಲ್ಲಿ ಸೂಕ್ಷ್ಮವಾದ ಬೆಳಕಿನ ಗ್ರಾಹಕವನ್ನೂ ಇಟ್ಟರೆ ಉಪಕರಣದ ಮುಖ್ಯ ಭಾಗ ಸಿದ್ಧ.

ಲೇಸರ್ ಏಕೆ? ಸಾಮಾನ್ಯ ಬೆಳಕು ಸಂತೆಯ ಗದ್ದಲದ ಹಾಗೆ, ನಾನಾ ಆವರ್ತನಗಳ ಕಲಸುಮೇಲೋಗರ. ಲೇಸರ್ ಹೆಚ್ಚುಕಡಿಮೆ ಒಂದೇ ಸ್ವರ. ಆ ಒಂದು ಸ್ವರ ಚಲಿಸುವ ಕಣಕ್ಕೆ ತಾಗಿ ಹಿಂದಿರುಗಿದಾಗ ಅದರ ಆವರ್ತನ ತುಸು ಬದಲಾಗಿರುತ್ತದೆ. ರೈಲ್ವೆ ಗೇಟಿನ ಬಳಿ ನಿಂತವರಿಗೆ ಇದು ಗೊತ್ತು: ಹತ್ತಿರ ಬರುವ ರೈಲಿನ ಶಿಳ್ಳೆ ಕೀರಲಾಗಿ, ದಾಟಿಹೋದೊಡನೆ ತಗ್ಗಿ ಕೇಳುತ್ತದೆ. 1842ರಲ್ಲಿ ಆಸ್ಟ್ರಿಯದ ಕ್ರಿಶ್ಚಿಯನ್ ಡಾಪ್ಲರ್ ಈ ಪರಿಣಾಮವನ್ನು ಊಹಿಸಿದ. ಮೂರು ವರ್ಷಗಳ ಅನಂತರ ಹಾಲೆಂಡಿನ ಬೈಸ್ ಬ್ಯಾಲಟ್ ಎಂಬಾತ ಉಟ್ರೆಕ್ಟ್ ಬಳಿ ರೈಲಿನಲ್ಲಿ ಕಹಳೆಯವರನ್ನು ಕೂರಿಸಿ, ಹಳಿಯ ಪಕ್ಕದಲ್ಲಿ ಸಂಗೀತ ಬಲ್ಲವರನ್ನು ನಿಲ್ಲಿಸಿ ಅದನ್ನು ಪರೀಕ್ಷಿಸಿ ನೋಡಿದ. ಶಬ್ದಕ್ಕೆ ನಿಜವಾದ ಈ ಮಾತು ಬೆಳಕಿಗೂ ನಿಜ.

ಆದರೆ ಬೆಳಕಿನಲ್ಲಿ ಈ ಬದಲಾವಣೆ ತೀರ ಚಿಕ್ಕದು. ಸೆಕೆಂಡಿಗೆ 250 ಮೀಟರ್, ಅಂದರೆ ಗಂಟೆಗೆ 900 ಕಿಲೋಮೀಟರ್ ವಾಯುವೇಗಕ್ಕೂ ಆವರ್ತನ ಬದಲಾಗುವುದು ಹತ್ತು ಲಕ್ಷದಲ್ಲಿ ಎರಡು ಪಾಲಿಗಿಂತ ಕಡಿಮೆ. ಇದನ್ನು ಹಿಡಿಯುವುದು ಹೇಗೆ? ತಂಬೂರಿ ಶ್ರುತಿ ಮಾಡುವವರ ಉಪಾಯವೇ ಇಲ್ಲಿಯೂ ನೆರವಿಗೆ ಬರುತ್ತದೆ. ಎರಡು ತಂತಿಗಳ ಶ್ರುತಿ ಕೂದಲೆಳೆಯಷ್ಟು ತಪ್ಪಿದ್ದರೆ ಒಟ್ಟಿಗೆ ಮೀಟಿದಾಗ ನಾದ ಅಲೆಅಲೆಯಾಗಿ ಏರಿಳಿಯುತ್ತದೆ. ಒಂದು ತಂತಿ ಸೆಕೆಂಡಿಗೆ 200 ಸಲ, ಇನ್ನೊಂದು 203 ಸಲ ಕಂಪಿಸಿದರೆ ಏರಿಳಿತ ಸೆಕೆಂಡಿಗೆ ಮೂರು. ಹಾಗೆಯೇ ಧೂಳಿನಿಂದ ಮರಳಿದ ಬೆಳಕನ್ನು ಮೂಲ ಲೇಸರ್ ಬೆಳಕಿನೊಂದಿಗೆ ಬೆರೆಸುತ್ತಾರೆ. ಒಂದೂವರೆ ಮೈಕ್ರಾನ್ ತರಂಗಾಂತರದ ಲೇಸರ್ ಆದರೆ, 250 ಮೀಟರ್ ವೇಗಕ್ಕೆ ಏರಿಳಿತ ಸೆಕೆಂಡಿಗೆ ಸುಮಾರು 33 ಕೋಟಿ. ಕಿವಿಗೆ ಇದು ಅಸಾಧ್ಯ, ವಿದ್ಯುನ್ಮಾನ ಮಂಡಲಕ್ಕೆ ಸುಲಭ. ಏರಿಳಿತವನ್ನು ಎಣಿಸಿದರೆ ವೇಗ ಸಿಕ್ಕಿತು.

ಲೇಸರ್ ಹುಟ್ಟಿದ್ದು 1960ರಲ್ಲಿ. ನಾಲ್ಕೇ ವರ್ಷಗಳಲ್ಲಿ, 1964ರಲ್ಲಿ, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಯೇ ಮತ್ತು ಕಮಿನ್ಸ್ ಎಂಬಿಬ್ಬರು ಹೀಲಿಯಂ-ನಿಯಾನ್ ಲೇಸರಿನಿಂದ ಕೊಳವೆಯಲ್ಲಿ ಹರಿಯುವ ನೀರಿನ ವೇಗವನ್ನು ಅಳೆದರು. ನೀರಿಗೆ ಅವರು ಬೆರೆಸಿದ್ದು ಪ್ಲಾಸ್ಟಿಕ್ಕಿನ ಅತಿ ಸಣ್ಣ ಗುಂಡುಗಳು. ಅಡುಗೆಮನೆಯ ಧೂಳಿಗೆ ಅವು ಬದಲಿ. ಈ ವಿದ್ಯೆ ಬೇಗನೆ ವಾಯುಸುರಂಗಗಳಿಗೆ ಬಂತು.

ವಾಯುಸುರಂಗವೆಂದರೆ ವಿಮಾನದ ಮಾದರಿಯನ್ನು ನಿಲ್ಲಿಸಿ ಅದರ ಮೇಲೆ ಗಾಳಿ ಹಾಯಿಸುವ ಸಾಧನ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ 1967ರಲ್ಲಿ ಆರಂಭವಾದ 1.2 ಮೀಟರ್ ಸುರಂಗವಿದೆ. ನಮ್ಮ ತೇಜಸ್ ವಿಮಾನದ, ಉಪಗ್ರಹ ಉಡಾವಣಾ ವಾಹನಗಳ ಮಾದರಿಗಳು ಅಲ್ಲಿನ ಗಾಳಿಯ ಪರೀಕ್ಷೆ ಪಾಸಾಗಿ ಬಂದಂಥವು. ಆದರೆ ಮಾದರಿ ಎಷ್ಟಾದರೂ ಮಾದರಿಯೇ. ನಿಜವಾದ ರೆಕ್ಕೆ ಹಾರಾಟದಲ್ಲಿ ಬಾಗುತ್ತದೆ, ಆಕಾಶದ ಗಾಳಿ ಸುರಂಗದ ಗಾಳಿಯಷ್ಟು ಶಿಸ್ತಿನದಲ್ಲ. ಆದ್ದರಿಂದ ಹಾರುತ್ತಿರುವಾಗಲೇ ಅಳೆಯಬೇಕೆಂಬ ಆಸೆ ಎಂಜಿನಿಯರುಗಳಿಗೆ ಮೊದಲಿನಿಂದಲೂ ಇತ್ತು. ರೆಕ್ಕೆಯ ಮೇಲೆ ನೂಲಿನ ತುಂಡುಗಳನ್ನು ಸಾಲಾಗಿ ಅಂಟಿಸಿ, ಅವು ಯಾವ ಕಡೆ ಹೊರಳುತ್ತವೆ ಎಂದು ನೋಡುವುದು ಹಳೆಯ ಕ್ರಮ. ನೂಲು ದಿಕ್ಕು ಹೇಳುತ್ತದೆ, ವೇಗ ಹೇಳುವುದಿಲ್ಲ.

ಕೊಳವೆಗೂ ಒಂದು ಮಿತಿಯಿದೆ. ವಿಮಾನದ ಮೈ ತನ್ನ ಸುತ್ತಲಿನ ಗಾಳಿಯನ್ನು ಪಕ್ಕಕ್ಕೆ ಸರಿಸುತ್ತ ಹೋಗುತ್ತದೆ. ಮೈಗೆ ಅಂಟಿಕೊಂಡ ಕೊಳವೆ ಅಳೆಯುವುದು ಆ ಕದಡಿದ ಗಾಳಿಯನ್ನು. ಅದಕ್ಕೆ ತಿದ್ದುಪಡಿ ಬೇಕು. ಯಲಹಂಕದ ವೈಮಾನಿಕ ಪ್ರದರ್ಶನಕ್ಕೆ ಮಕ್ಕಳನ್ನು ಕರೆದೊಯ್ದ ತಂದೆತಾಯಿ ಕೆಲವು ವಿಮಾನಗಳ ಮೂಗಿನಲ್ಲಿ ಈಟಿಯಂತಹ ಉದ್ದ ಕಡ್ಡಿಯನ್ನು ಗಮನಿಸಿರಬಹುದು. ಕದಡದ ಗಾಳಿಯನ್ನು ಮುಟ್ಟಲು ಕೊಳವೆಯನ್ನು ಅಷ್ಟು ಮುಂದಕ್ಕೆ ಚಾಚಿರುತ್ತಾರೆ. ಲೇಸರಿಗೆ ಈಟಿ ಬೇಡ. ಒಂದು ಗಾಜಿನ ಕಿಟಕಿ ಸಾಕು. ಕಿರಣ ದೂರ ಹೋಗಿ, ವಿಮಾನದ ಗಾಳಿ ಇನ್ನೂ ತಲುಪದ ಜಾಗದಲ್ಲಿ ಅಳೆದು ಬರುತ್ತದೆ. ಅದು ಗಾಳಿಯ ಹರಿವನ್ನು ಕದಡುವುದೂ ಇಲ್ಲ.

1980ರ ದಶಕದ ಆರಂಭದಲ್ಲಿ ಬ್ರಿಟಿಷ್ ವಿಜ್ಞಾನಿಗಳು ಎಚ್.ಎಸ್. 125 ಎಂಬ ಸಣ್ಣ ಜೆಟ್ ವಿಮಾನದ ಮೂಗಿನಲ್ಲಿ ಇಂಗಾಲದ ಡೈ ಆಕ್ಸೈಡ್ ಲೇಸರನ್ನು ಕೂರಿಸಿದರು. ಅದು ಕೆಲವು ನೂರು ಮೀಟರ್ ಮುಂದಿನ ಗಾಳಿಯ ವೇಗವನ್ನು ಹೇಳುತ್ತಿತ್ತು. 1982ರಲ್ಲಿ ಆ ವಿಮಾನವನ್ನು ಅಮೆರಿಕದ ಡೆನ್ವರ್ ಬಳಿಗೆ ಒಯ್ದು, ಗುಡುಗುಮೋಡಗಳಿಂದ ರಭಸವಾಗಿ ಕೆಳಗಿಳಿದು ನೆಲಕ್ಕೆ ಬಡಿದು ಹರಡುವ ಗಾಳಿಯನ್ನು ಅಧ್ಯಯನ ಮಾಡಿದರು. ಇಳಿಯುತ್ತಿರುವ ವಿಮಾನಗಳನ್ನು ನೆಲಕ್ಕೆ ಕೆಡವಿದ ಗಾಳಿ ಅದು. 1993ರ ಹೊತ್ತಿಗೆ ಅಮೆರಿಕದ ನಾಸಾ ಸಂಸ್ಥೆ ವೇಗದ ಯುದ್ಧವಿಮಾನಗಳಲ್ಲಿ ಬೆಳಕಿನಿಂದ ವಾಯುವೇಗ ಅಳೆದ ಪರೀಕ್ಷೆಗಳ ವರದಿಯನ್ನು ಪ್ರಕಟಿಸಿತು.

ರೆಕ್ಕೆಯ ಸುತ್ತಲಿನ ಹರಿವನ್ನೇ ಚಿತ್ರ ತೆಗೆಯುವ ಕ್ರಮವೂ ಬಂದಿದೆ. ಯುರೋಪಿನ ಸಂಸ್ಥೆಗಳು ಸೇರಿ 2006ರಿಂದ ನಡೆಸಿದ ಯೋಜನೆಯೊಂದರಲ್ಲಿ ಜರ್ಮನಿಯ ಡಾರ್ನಿಯರ್ 228 ವಿಮಾನ ಬಳಕೆಯಾಯಿತು. ನಮ್ಮ ಎಚ್.ಎ.ಎಲ್. ಕಾನ್ಪುರದಲ್ಲಿ ತಯಾರಿಸುವುದೂ ಇದೇ ಜಾತಿಯ ವಿಮಾನವನ್ನೇ. ಲೇಸರ್ ಬೆಳಕನ್ನು ತೆಳುವಾದ ಹಾಳೆಯಂತೆ ಹರಡಿ, ಕ್ಷಣಮಾತ್ರದ ಅಂತರದಲ್ಲಿ ಎರಡು ಸಲ ಮಿಂಚಿಸಿ, ಎರಡು ಫೋಟೊ ತೆಗೆಯುವುದು ಉಪಾಯ. ಗಾಳಿ ಸೆಕೆಂಡಿಗೆ 100 ಮೀಟರ್ ವೇಗದಲ್ಲಿದ್ದು, ಎರಡು ಮಿಂಚಿನ ನಡುವೆ ಸೆಕೆಂಡಿನ ಹತ್ತು ಲಕ್ಷದ 20 ಭಾಗ ಕಳೆದರೆ, ಕಣ 2 ಮಿಲಿಮೀಟರ್ ಸರಿದಿರುತ್ತದೆ. ಎಷ್ಟು ಸರಿಯಿತು, ಯಾವ ಕಡೆ ಸರಿಯಿತು ಎಂಬುದನ್ನು ಕಂಪ್ಯೂಟರ್ ಅಳೆಯುತ್ತದೆ. ಆಕಾಶದಲ್ಲಿ ಧೂಳು ಎರಚುವವರು ಯಾರು? ಯಾರೂ ಬೇಕಾಗಲಿಲ್ಲ. ವಿಮಾನವನ್ನು ಮೋಡದೊಳಗೆ ನುಗ್ಗಿಸಿದರು. ಮೋಡದ ಹನಿಗಳೇ ಧೂಳಾದವು.

ಇಷ್ಟೆಲ್ಲ ಇದ್ದರೂ ಪ್ರಯಾಣಿಕರ ವಿಮಾನದಲ್ಲಿ ಪಿಟೊ ಕೊಳವೆಯೇ ಏಕೆ ಉಳಿದಿದೆ? ಲೇಸರಿಗೂ ಒಂದು ದೌರ್ಬಲ್ಯವಿದೆ. ಅದು ನೋಡುವುದು ಗಾಳಿಯನ್ನಲ್ಲ, ಗಾಳಿಯಲ್ಲಿ ತೇಲುವ ಕಣವನ್ನು. ವಿಮಾನಗಳು ಹಾರುವ ಎತ್ತರದಲ್ಲಿ ಗಾಳಿ ಬಹಳ ಶುಭ್ರ. ನೆಲದ ಬಳಿ ಸಿಗುವುದಕ್ಕಿಂತ ನೂರಾರು ಪಟ್ಟು ಕಡಿಮೆ ಬೆಳಕು ಅಲ್ಲಿಂದ ಮರಳುವುದುಂಟು. 1991ರಲ್ಲಿ ಫಿಲಿಪೀನ್ಸಿನ ಪಿನಾಟುಬೊ ಜ್ವಾಲಾಮುಖಿ ಸಿಡಿದ ಮೇಲೆ ಒಂದೆರಡು ವರ್ಷ ಎತ್ತರದ ವಾಯುಮಂಡಲದಲ್ಲಿ ಸೂಕ್ಷ್ಮ ಹನಿಗಳು ತುಂಬಿದ್ದವು, ಲೇಸರಿಗೆ ಆಗ ಸುಗ್ಗಿ. ಆದರೆ ಜ್ವಾಲಾಮುಖಿಯನ್ನು ನೆಚ್ಚಿಕೊಂಡು ವಿಮಾನ ಹಾರಿಸಲಾದೀತೇ?

ಇದಕ್ಕೂ ದಾರಿಯಿದೆ. ಆಕಾಶ ನೀಲಿಯಾಗಿ ಕಾಣುವುದು ಗಾಳಿಯ ಅಣುಗಳು ಬೆಳಕನ್ನು ಚದರಿಸುವುದರಿಂದ. ತರಂಗಾಂತರ ಮೂರನೆಯ ಒಂದು ಭಾಗಕ್ಕೆ ಇಳಿದರೆ ಈ ಚದರಿಕೆ 81 ಪಟ್ಟು ಹೆಚ್ಚುತ್ತದೆ. ಆದ್ದರಿಂದ ನೇರಳಾತೀತ ಲೇಸರ್ ಬಳಸಿದರೆ ಧೂಳಿಲ್ಲದಿದ್ದರೂ ಅಣುಗಳಿಂದಲೇ ಉತ್ತರ ಬರುತ್ತದೆ. ಅಣುಗಳು ತಾವಾಗಿಯೇ ದಿಕ್ಕುದೆಸೆಯಿಲ್ಲದೆ ಸೆಕೆಂಡಿಗೆ ನೂರಾರು ಮೀಟರ್ ವೇಗದಲ್ಲಿ ಓಡಾಡುವುದರಿಂದ ಆ ಉತ್ತರ ಮಸುಕಾಗಿರುತ್ತದೆ, ಬಿಡಿಸಿ ಓದುವುದು ಕಷ್ಟ. ಕಷ್ಟವಾದರೂ ಸಾಧ್ಯ. ಯುರೋಪಿನವರು ಮೊದಲು ಫಾಲ್ಕನ್ ವಿಮಾನದಲ್ಲಿ ಇದನ್ನು ಹಾರಿಸಿ ನೋಡಿದರು. 2018ರ ಆಗಸ್ಟ್ 22ರಂದು ಉಡಾಯಿಸಿದ ಅಯೊಲಸ್ ಉಪಗ್ರಹ ಇದೇ ಕ್ರಮದಿಂದ 2023ರವರೆಗೆ ಭೂಮಿಯ ಗಾಳಿಯನ್ನು ಬಾಹ್ಯಾಕಾಶದಿಂದ ಅಳೆಯಿತು.

ಲೇಸರ್ ಮುಂದಾಗಿ ಎಚ್ಚರಿಸಬಲ್ಲದು ಎಂಬುದು ಇನ್ನೊಂದು ಲಾಭ. 2024ರ ಮೇ 21ರಂದು ಲಂಡನ್ನಿನಿಂದ ಸಿಂಗಪುರಕ್ಕೆ ಹೊರಟಿದ್ದ ವಿಮಾನ ಮ್ಯಾನ್ಮಾರಿನ ಮೇಲೆ ಗಾಳಿಯ ಹೊಡೆತಕ್ಕೆ ಸಿಕ್ಕಿ ಹಲವರು ಗಾಯಗೊಂಡರು, ಒಬ್ಬ ಪ್ರಯಾಣಿಕರು ತೀರಿಕೊಂಡರು. ಮೋಡವಿಲ್ಲದ ಆಕಾಶದಲ್ಲಿಯೂ ಇಂತಹ ಕಲಕುಗಾಳಿ ಇರುತ್ತದೆ. ಮಳೆಹನಿಗಳನ್ನು ಹುಡುಕುವ ರೇಡಾರಿಗೆ ಅದು ಕಾಣದು. ಅದನ್ನು ಲೇಸರಿನಿಂದ ದೂರದಲ್ಲೇ ಗುರುತಿಸುವ ಉಪಕರಣವನ್ನು ಜಪಾನಿನ ಬಾಹ್ಯಾಕಾಶ ಸಂಸ್ಥೆ 2018ರಲ್ಲಿ ಬೋಯಿಂಗ್ 777 ವಿಮಾನವೊಂದರಲ್ಲಿ ಪರೀಕ್ಷಿಸಿತು. ‘ಬೆಲ್ಟ್ ಕಟ್ಟಿಕೊಳ್ಳಿ’ ಎನ್ನಲು ಅರ್ಧ ನಿಮಿಷ ಸಿಕ್ಕರೂ ತಲೆಗಳು ಉಳಿದಾವು.

ಹಾಗೆಂದು ಪಿಟೊ ಕೊಳವೆಯನ್ನು ಕಿತ್ತೆಸೆಯಬೇಕು ಎಂದಲ್ಲ. ಕೊಳವೆಗೆ ಹಿಮ ಶತ್ರು, ಶುಭ್ರ ಗಾಳಿಯಲ್ಲಿ ಅದಕ್ಕೆ ತೊಂದರೆಯಿಲ್ಲ. ಧೂಳನ್ನು ನೆಚ್ಚಿದ ಲೇಸರಿಗೆ ಶುಭ್ರ ಗಾಳಿ ಕಷ್ಟ, ಹಿಮದ ಹರಳುಗಳು ತೇಲುವ ಕಡೆ ಅದಕ್ಕೆ ಬೆಳಕು ಮರಳಿಸುವವರು ಸಿಗುತ್ತಾರೆ. ಒಂದು ಎಡವುವ ಕಡೆ ಇನ್ನೊಂದು ನಿಲ್ಲುತ್ತದೆ. ಅಂತಹ ಎರಡು ಉಪಕರಣಗಳು ಒಂದೇ ಉತ್ತರ ಕೊಟ್ಟರೆ ಆ ಉತ್ತರವನ್ನು ನಂಬಬಹುದು. ಬೇರೆಬೇರೆ ಕೊಟ್ಟರೆ ಎಲ್ಲೋ ತಪ್ಪಿದೆ ಎಂದಾದರೂ ಹೊತ್ತಿಗೆ ಸರಿಯಾಗಿ ತಿಳಿಯುತ್ತದೆ. ಒಂದೇ ಬಗೆಯ ಮೂರು ಸಾಕ್ಷಿಗಳಿಗಿಂತ ಬೇರೆ ಬಗೆಯ ಇಬ್ಬರು ಸಾಕ್ಷಿಗಳು ಲೇಸು.

ಪರೀಕ್ಷೆಯ ಕೊನೆಯ ಹತ್ತು ನಿಮಿಷದಲ್ಲಿ ‘ಇನ್ನೊಮ್ಮೆ ನೋಡಿದೆಯಾ?’ ಎಂದು ಮಕ್ಕಳನ್ನು ಕೇಳುವುದು ರೂಢಿ. ‘ಬೇರೆ ದಾರಿಯಿಂದ ನೋಡಿದೆಯಾ?’ ಎಂದು ಕೇಳುವುದು ಇನ್ನೂ ಒಳ್ಳೆಯದು. ಭಾಗಾಕಾರವನ್ನು ಗುಣಾಕಾರದಿಂದ, ಸಮೀಕರಣವನ್ನು ಬೆಲೆ ಆದೇಶಿಸಿ, ರೇಖಾಗಣಿತವನ್ನು ಚಿತ್ರ ಬರೆದು ತಾಳೆ ನೋಡಬಹುದು.

ಅಂಗಡಿಯಲ್ಲಿ ಸಂಜೆಯಾಗಿದೆ. ಹುಡುಗಿ ಇನ್ನೊಂದು ಪುಟ ಮುಗಿಸಿದ್ದಾಳೆ. ತಾತ ಮೊತ್ತವನ್ನು ನೋಡುವುದಿಲ್ಲ, ಪುಟದ ಅಂಚನ್ನು ನೋಡುತ್ತಾರೆ. ಅಲ್ಲಿ ಅವಳೇ ಎಳೆದ ಎರಡು ಗೀಟುಗಳಿವೆ.